ಕರೆಂಟ್ ಬಂದ ಮೇಲೆ ಸರ್ವರ್ ಏಳುತ್ತದೆ, ಸರ್ವಿಸ್ ಏಳುವುದಿಲ್ಲ: ಹಂತ ಹಂತವಾಗಿ ಸರಿಪಡಿಸುವ ಬಗೆ

ಕಲಬುರಗಿಯ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ಅಡತ್ ಅಂಗಡಿಗಳ (ಕಮಿಷನ್ ವ್ಯಾಪಾರದವರು), ದಾಲ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾಯಿತು ಎಂದರೆ ಬೆಳಿಗ್ಗೆ ಫೋನ್‌ನಲ್ಲಿ ಕೇಳುವ ಮಾತು ಒಂದೇ: "ರಾತ್ರಿ ಕರೆಂಟ್ ಹೋಗಿತ್ರಿ. ಮಷಿನ್ ಚಾಲೂ ಅದ, ಆದ್ರ ಬಿಲ್ ಬರವಲ್ದು."

ಹೊರಗೆ ಲಾರಿ ನಿಂತಿರುತ್ತದೆ. ಒಳಗೆ ಅಂಗಡಿಯ ಹುಡುಗ ನಾಲ್ಕು ಸಲ ರೀಸ್ಟಾರ್ಟ್ ಮಾಡಿರುತ್ತಾನೆ. ಆಮೇಲೆ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿರುತ್ತಾನೆ. ಕೆಲವು ಕಡೆ ವಿಂಡೋಸ್ಸನ್ನೇ ಫಾರ್ಮ್ಯಾಟ್ ಮಾಡಿದ್ದೂ ಉಂಟು. ಒಂದೆರಡು ವಾರ ಎಲ್ಲ ಸರಿ. ಮತ್ತೆ ಒಂದು ರಾತ್ರಿ ಕರೆಂಟ್ ಹೋದರೆ ಅದೇ ಕಥೆ.

ಹೀಗಾಗಲು ಕಾರಣ ಇಷ್ಟೇ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಸರ್ವಿಸ್ ಕೆಟ್ಟಿರುವುದಿಲ್ಲ. ಅದಕ್ಕೆ ಬೇಕಾದದ್ದು ಸಿದ್ಧವಾಗುವ ಮೊದಲೇ ಅದು ಎದ್ದಿರುತ್ತದೆ. ತೂಕದ ಕಾಟಾ ತೆರೆಯುವ ಮೊದಲೇ ಚೀಲ ಹೊತ್ತು ಬಂದ ಹಮಾಲ ಎಷ್ಟು ಹೊತ್ತು ನಿಂತಾನು? ಸ್ವಲ್ಪ ನೋಡಿ ಚೀಲ ಇಳಿಸಿ ಹೋಗುತ್ತಾನೆ. ಸರ್ವಿಸ್ ಕೂಡ ಹಾಗೆಯೇ ಕೈಬಿಡುತ್ತದೆ. ಆಮೇಲೆ ಕಾಟಾ ತೆರೆದರೂ ತಾನಾಗಿ ಬರುವುದಿಲ್ಲ.

ಸರ್ವಿಸ್ ಎಂದರೆ ಪರದೆಯ ಮೇಲೆ ಕಾಣದೆ ಹಿಂದೆ ಓಡುವ ಪ್ರೋಗ್ರಾಂ. ಯಾರೂ ಲಾಗಿನ್ ಆಗದಿದ್ದರೂ ಕಂಪ್ಯೂಟರ್ ಚಾಲೂ ಆದ ಕೂಡಲೇ ಅದು ಓಡಬೇಕು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಡೇಟಾಬೇಸ್ ಇಂಥದ್ದೇ ಒಂದು ಸರ್ವಿಸ್. ಒಂದು ಸರ್ವರ್ ಕಂಪ್ಯೂಟರ್, ಅದಕ್ಕೆ ಕೇಬಲ್‌ನಿಂದ ಜೋಡಿಸಿದ ಮೂರ್ನಾಲ್ಕು ಕಂಪ್ಯೂಟರ್, ವಿಂಡೋಸ್ 10 ಅಥವಾ 11. ಇಂಥ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹಂತಗಳ ಕ್ರಮ ಬದಲಿಸಬೇಡಿ. ಐದನೇ ಹಂತಕ್ಕೆ ನೇರವಾಗಿ ಹಾರಿದವರೇ ಜಾಸ್ತಿ ಹೊತ್ತು ಕಳೆದುಕೊಳ್ಳುತ್ತಾರೆ.

## ಕೈಗೆತ್ತಿಕೊಳ್ಳುವ ಮೊದಲು ಬೇಕಾದದ್ದು

ಸರ್ವರ್ ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇಕು. ಚೆನ್ನಾಗಿದೆ ಎಂದು ಖಾತ್ರಿ ಇರುವ ಒಂದು ಲ್ಯಾನ್ ಕೇಬಲ್, ಒಂದು ಪೆನ್‌ಡ್ರೈವ್, ಚಿಕ್ಕ ಸ್ಕ್ರೂ ಡ್ರೈವರ್, ಹೊಸದೊಂದು ಸಿಆರ್ 2032 ಬಟನ್ ಸೆಲ್ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ ಮತ್ತು ಪೆನ್ ಕೂಡ ಬೇಕು. ಪರದೆಯ ಮೇಲೆ ಬರುವ ಪ್ರತಿ ಎರರ್‌ನ ಫೋಟೋ ಮೊಬೈಲ್‌ನಲ್ಲಿ ತೆಗೆಯಿರಿ. ನೆನಪಿನಿಂದ ಹೇಳಿದ ಎರರ್ ಯಾವತ್ತೂ ಸರಿಯಾಗಿರುವುದಿಲ್ಲ.

ಡೇಟಾದ ಬ್ಯಾಕಪ್ ಕೊನೆಯ ಸಲ ಯಾವಾಗ ಆಗಿದೆ ಎಂದು ಮಾಲೀಕರನ್ನು ಕೇಳಿ. "ದಿನಾ ಆಗ್ತದ್ರಿ" ಎಂದರೆ ಸಾಕಾಗುವುದಿಲ್ಲ. ಬ್ಯಾಕಪ್ ಫೋಲ್ಡರ್ ತೆರೆದು ಫೈಲ್‌ನ ತಾರೀಖು, ಗಾತ್ರ ಎರಡನ್ನೂ ನೋಡಿ. ಡೇಟಾಬೇಸ್ ಓಡುತ್ತಿರುವಾಗ ಅದರ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ. ಸಾಫ್ಟ್‌ವೇರ್ ಒಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸಬೇಕು. ಸರ್ವಿಸ್ ಪೂರ್ತಿ ನಿಂತಿದ್ದರೆ ಇಡೀ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಮುಂದೆ ಏನೇ ತಪ್ಪಾದರೂ ಇಂದಿನ ಸ್ಥಿತಿಗಾದರೂ ವಾಪಸ್ ಬರಬಹುದು.

## ಹಂತ 1: ನಿಜವಾಗಿ ನಿಂತದ್ದು ಯಾವುದು ಎಂದು ನೋಡಿ

ಬಿಲ್ ಬರುತ್ತಿಲ್ಲ ಎನ್ನುವುದು ಲಕ್ಷಣ ಮಾತ್ರ. ಸರ್ವರ್ ಕಂಪ್ಯೂಟರ್ ಮುಂದೆಯೇ ಕೂತು ಅದರಲ್ಲೇ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯಿರಿ. ಅಲ್ಲಿ ಓಡಿತು, ಬೇರೆ ಕಂಪ್ಯೂಟರ್‌ಗಳಲ್ಲಿ ಮಾತ್ರ ಓಡಲಿಲ್ಲ ಎಂದರೆ ಸರ್ವಿಸ್ ಎದ್ದಿದೆ, ದಾರಿ ಮುಚ್ಚಿದೆ. ಆಗ ನಡುವಿನ ಹಂತ ಬಿಟ್ಟು ಆರನೇ ಹಂತಕ್ಕೆ ಹೋಗಿ. ಕ್ರಮ ಮುರಿಯಲು ನಾನು ಒಪ್ಪುವ ಜಾಗ ಇದೊಂದೇ.

ಸರ್ವರ್‌ನಲ್ಲೂ ಓಡಲಿಲ್ಲವೇ? ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ ಆ ಕಿಟಕಿ ತೆರೆಯಿರಿ. ಉದ್ದ ಪಟ್ಟಿ ಬರುತ್ತದೆ. ನಿಮ್ಮ ಡೇಟಾಬೇಸ್ ಹೆಸರಿನ ಸಾಲು ಹುಡುಕಿ, ಸ್ಟೇಟಸ್ ಎಂಬ ಕಾಲಂ ನೋಡಿ. ರನ್ನಿಂಗ್ ಎಂದಿದ್ದರೆ ಓಡುತ್ತಿದೆ. ಖಾಲಿ ಇದ್ದರೆ ನಿಂತಿದೆ. ಸ್ಟಾರ್ಟಿಂಗ್ ಎಂದಿದ್ದರೆ ಇನ್ನೂ ಏಳುತ್ತಿದೆ.

ಸ್ಟಾರ್ಟಿಂಗ್ ಎಂದಿದ್ದಾಗ ಕೈ ಹಾಕಬೇಡಿ. ಕರೆಂಟ್ ಇದ್ದಕ್ಕಿದ್ದಂತೆ ಹೋದಾಗ ಅರ್ಧಕ್ಕೆ ನಿಂತ ಬರಹವನ್ನು ಡೇಟಾಬೇಸ್ ಮುಂದಿನ ಸಲ ಏಳುವಾಗ ಸರಿಪಡಿಸಿಕೊಳ್ಳುತ್ತದೆ. ಡೇಟಾ ದೊಡ್ಡದಿದ್ದು ಹಾರ್ಡ್ ಡಿಸ್ಕ್ ಹಳೆಯದಿದ್ದರೆ ಇದಕ್ಕೆ ಹಲವು ನಿಮಿಷ ಬೇಕಾಗಬಹುದು. ಆ ಹೊತ್ತಿನಲ್ಲಿ ಬಲವಂತವಾಗಿ ಆಫ್ ಮಾಡಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಾಲ್ಕು ಸಲ ರೀಸ್ಟಾರ್ಟ್ ಮಾಡಿದ ಹುಡುಗ ನಾಲ್ಕು ಸಲವೂ ಇದನ್ನೇ ಮಾಡಿರುತ್ತಾನೆ. ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ 15 ನಿಮಿಷ ಕಾಯಿರಿ, ಚಹಾ ಕುಡಿದು ಬನ್ನಿ.

ಹಾಗೆಯೇ ಸ್ಟಾರ್ಟಪ್ ಟೈಪ್ ಎಂಬ ಕಾಲಂ ನೋಡಿ. ಅಲ್ಲಿ ಆಟೋಮ್ಯಾಟಿಕ್ ಎಂದಿರಬೇಕು. ಮ್ಯಾನ್ಯುಯಲ್ ಅಥವಾ ಡಿಸೇಬಲ್ಡ್ ಎಂದಿದ್ದರೆ ಬೂಟ್ ಆಗುವಾಗ, ಅಂದರೆ ಕಂಪ್ಯೂಟರ್ ಮೊದಲಿನಿಂದ ಏಳುವಾಗ, ಅದು ಏಳುವ ಪ್ರಶ್ನೆಯೇ ಇಲ್ಲ. ಕಂಪ್ಯೂಟರ್ ಫಾಸ್ಟ್ ಮಾಡುತ್ತೇವೆ ಎನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ ಕಡೆ ಹೀಗೆ ಬದಲಾಗಿರುವುದನ್ನು ನೋಡಿದ್ದೇನೆ. ಆಟೋಮ್ಯಾಟಿಕ್ ಮಾಡಿ, ಆ ಸಾಫ್ಟ್‌ವೇರ್ ತೆಗೆದುಹಾಕಿ.

## ಹಂತ 2: ಕೈಯಿಂದ ಎಬ್ಬಿಸಿ ನೋಡಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ನಿಂತ ಸರ್ವಿಸ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾರ್ಟ್ ಒತ್ತಿ. ಬೇರೆ ಏನನ್ನೂ ಬದಲಿಸಬೇಡಿ.

ಎದ್ದು ಓಡಿತೇ? ಹಾಗಾದರೆ ಸಾಫ್ಟ್‌ವೇರ್ ಸರಿ ಇದೆ, ಡೇಟಾ ಸರಿ ಇದೆ, ಪಾಸ್‌ವರ್ಡ್ ಸರಿ ಇದೆ. ತಪ್ಪಿರುವುದು ಸಮಯ. ಬೂಟ್ ಆಗುವಾಗ ಇರದೇ ಇದ್ದದ್ದು ಈಗ ಇದೆ. ಅದು ನೆಟ್‌ವರ್ಕ್ ಇರಬಹುದು, ಇನ್ನೊಂದು ಸರ್ವಿಸ್ ಇರಬಹುದು, ಸರಿಯಾದ ತಾರೀಖು ಇರಬಹುದು. ರೀಇನ್‌ಸ್ಟಾಲ್ ಮಾಡಿದರೆ ಇದು ಯಾವತ್ತೂ ಸರಿಹೋಗುವುದಿಲ್ಲ. ಸದ್ಯಕ್ಕೆ ಅಂಗಡಿಯವರು ಬಿಲ್ ಮಾಡಿಕೊಳ್ಳಲಿ. ನೀವು ಮುಂದಿನ ಹಂತಕ್ಕೆ ಹೋಗಿ.

ಏಳಲಿಲ್ಲವೇ? ಆಗ ಪರದೆಯ ಮೇಲೆ ಒಂದು ನಂಬರ್ ಬರುತ್ತದೆ. 1053, 1067, 1068, 1069 ಹೀಗೆ. ಅದರ ಫೋಟೋ ತೆಗೆಯಿರಿ. ತೊಂದರೆ ಬೂಟ್ ಹೊತ್ತಿನದ್ದು ಮಾತ್ರ ಅಲ್ಲ. ಐದನೇ ಹಂತದಲ್ಲಿ ಈ ನಂಬರ್ ಬೇಕಾಗುತ್ತದೆ.

ಎಷ್ಟೋ ಜನ ಈ ಪರೀಕ್ಷೆ ಮಾಡಿ, ಓಡಿತು ಎಂದು ಸಮಾಧಾನಪಟ್ಟು ಮನೆಗೆ ಹೋಗುತ್ತಾರೆ. ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಬರಬೇಕಾಗುತ್ತದೆ.

## ಹಂತ 3: ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ

"ದಿನಾ ರಾತ್ರಿ ಆಫ್ ಮಾಡ್ತೀವಿ, ಬೆಳಿಗ್ಗೆ ಆನ್ ಮಾಡ್ತೀವಿ, ಏನೂ ಆಗಂಗಿಲ್ಲ. ಕರೆಂಟ್ ಹೋದ ದಿನ ಮಾತ್ರ ಹಿಂಗಾಗ್ತದ" ಎನ್ನುತ್ತಾರೆ. ಅವರು ಹೇಳುವುದು ನಿಜ. ಅದಕ್ಕೆ ಕಾರಣವೂ ಇದೆ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚುತ್ತದೆ. ಆದರೆ ವಿಂಡೋಸ್‌ನ ಒಳತಿರುಳು, ಡ್ರೈವರ್, ಸರ್ವಿಸ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಹೋಗಿ ಕೂರುತ್ತವೆ. ಬೆಳಿಗ್ಗೆ ಅದೇ ಸ್ಥಿತಿ ವಾಪಸ್ ಬರುತ್ತದೆ. ಅಂದರೆ ಸರ್ವಿಸ್ ಹೊಸದಾಗಿ ಏಳುವುದೇ ಇಲ್ಲ. ಮಲಗಿದ್ದದ್ದು ಕಣ್ಣು ಬಿಡುತ್ತದೆ ಅಷ್ಟೇ. ಕರೆಂಟ್ ಹಠಾತ್ತಾಗಿ ಹೋದಾಗ ಹೀಗೆ ಉಳಿಸಿಡಲು ಸಮಯ ಇರುವುದಿಲ್ಲ. ಆಗ ಮಾತ್ರ ಎಲ್ಲವೂ ಮೊದಲಿನಿಂದ ಏಳಬೇಕು, ಇರುವ ದೋಷ ಆಗ ಹೊರಬೀಳುತ್ತದೆ. ದೋಷ ತಿಂಗಳಿನಿಂದಲೂ ಇರಬಹುದು.

ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಎದುರಿನ ಟಿಕ್ ತೆಗೆಯಿರಿ. ಸರ್ವರ್ ಆಗಿ ಬಳಸುವ ಕಂಪ್ಯೂಟರ್‌ನಲ್ಲಿ ಇದು ಇರಲೇಬಾರದು ಎನ್ನುವುದು ನನ್ನ ಅಭಿಪ್ರಾಯ. ಬೆಳಿಗ್ಗೆ ಅರ್ಧ ನಿಮಿಷ ಜಾಸ್ತಿ ಆದೀತು. ಆದರೆ ಪ್ರತಿದಿನ ನಿಜವಾದ ಬೂಟ್ ಆಗುತ್ತದೆ. ದೋಷ ಇದ್ದರೆ ಸುಗ್ಗಿಗೆ ಮೊದಲೇ ಕಾಣುತ್ತದೆ.

ಇನ್ನೊಂದು ವಿಷಯ. ರೀಸ್ಟಾರ್ಟ್ ಆಯ್ಕೆಗೆ ಫಾಸ್ಟ್ ಸ್ಟಾರ್ಟಪ್ ಅನ್ವಯಿಸುವುದಿಲ್ಲ, ಅದು ಪೂರ್ತಿ ಬೂಟ್. ಆದರೆ ರೀಸ್ಟಾರ್ಟ್ ಮಾಡುವಾಗ ರೌಟರ್ ಮತ್ತು ಸ್ವಿಚ್ (ಎಲ್ಲ ಕಂಪ್ಯೂಟರ್‌ಗಳ ಲ್ಯಾನ್ ಕೇಬಲ್ ಬಂದು ಸೇರುವ ಪೆಟ್ಟಿಗೆ) ಚಾಲೂ ಇರುತ್ತವೆ. ಕರೆಂಟ್ ಹೋದಾಗ ಅವೂ ಸತ್ತು ಏಳುತ್ತವೆ. ಹಾಗಾಗಿ ರೀಸ್ಟಾರ್ಟ್‌ನಲ್ಲಿ ಸರಿ ಬಂತು ಎನ್ನುವುದು ಅರ್ಧ ಪರೀಕ್ಷೆ ಮಾತ್ರ.

## ಹಂತ 4: ಲಾಗ್ ಓದಿ, ಮೊದಲ ಕೆಂಪು ಗುರುತು ಹಿಡಿಯಿರಿ

ಲಾಗ್ ಎಂದರೆ ಕಂಪ್ಯೂಟರ್ ಒಳಗೆ ಆದದ್ದನ್ನು ಹೊತ್ತಿನ ಸಮೇತ ಬರೆದಿಟ್ಟ ದಾಖಲೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ಇಲ್ಲಿ ಸಾವಿರಾರು ಸಾಲು ಇರುತ್ತವೆ, ಹೆದರಬೇಡಿ.

ಮೊದಲು 6005 ಎಂಬ ನಂಬರಿನ ಸಾಲು ಹುಡುಕಿ. ಇವೆಂಟ್ ಲಾಗ್ ಶುರುವಾಯಿತು ಎಂದು ಅದರ ಅರ್ಥ. ಅಂದರೆ ಬೂಟ್ ಆದ ಹೊತ್ತು ಅದು. ಅದರ ಅಕ್ಕಪಕ್ಕದಲ್ಲಿ 6008 ಅಥವಾ 41 ಇದ್ದರೆ ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಮುಚ್ಚಿರಲಿಲ್ಲ ಎಂದು ತಿಳಿಯಿರಿ. ಈಗ 6005ರಿಂದ ಸಮಯದ ಕ್ರಮದಲ್ಲಿ ಮುಂದೆ ಬನ್ನಿ. ಸೋರ್ಸ್ ಕಾಲಂನಲ್ಲಿ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಎಂದಿರುವ ಮೊದಲ ಕೆಂಪು ಗುರುತಿನ ಸಾಲನ್ನು ಹಿಡಿಯಿರಿ.

ಮೊದಲನೆಯದು ಎಂದು ಒತ್ತಿ ಹೇಳುತ್ತಿದ್ದೇನೆ. ಪಟ್ಟಿಯಲ್ಲಿ ಹೊಸದು ಮೇಲೆ ಇರುತ್ತದೆ, ಹಾಗಾಗಿ ಎಲ್ಲರೂ ಕೊನೆಯ ಎರರ್ ಓದುತ್ತಾರೆ. ಒಂದು ಸರ್ವಿಸ್ ಬಿದ್ದರೆ ಅದನ್ನು ನಂಬಿದ ನಾಲ್ಕು ಬೀಳುತ್ತವೆ. ನಾಲ್ಕನೆಯದರ ಎರರ್ ಓದಿ ನಾಲ್ಕನೆಯದನ್ನು ರಿಪೇರಿ ಮಾಡಿದರೆ ಏನು ಉಪಯೋಗ?

ಸಾಮಾನ್ಯವಾಗಿ ಕಾಣುವ ನಂಬರ್‌ಗಳು ಇವು:

7000: ಸರ್ವಿಸ್ ಏಳಲಿಲ್ಲ. ಕಾರಣ ಅದೇ ಸಾಲಿನ ವಿವರದಲ್ಲಿ ಇರುತ್ತದೆ.
7001: ಇದು ನಂಬಿದ ಇನ್ನೊಂದು ಸರ್ವಿಸ್ ಏಳಲಿಲ್ಲ.
7009: ಕೊಟ್ಟ ಸಮಯದೊಳಗೆ ಸರ್ವಿಸ್ ಉತ್ತರ ಕೊಡಲಿಲ್ಲ.
7023, 7024: ಎದ್ದು, ಒಂದು ಎರರ್ ಹೇಳಿ ನಿಂತಿತು.
7031, 7034: ಓಡುತ್ತಿದ್ದದ್ದು ಹೇಳದೆ ಕೇಳದೆ ಬಿತ್ತು.
7038: ಸರ್ವಿಸ್‌ಗೆ ಕೊಟ್ಟ ಯೂಸರ್, ಪಾಸ್‌ವರ್ಡ್ ನಡೆಯಲಿಲ್ಲ.

7024 ಬಂದಿದ್ದರೆ ವಿಂಡೋಸ್‌ಗೆ ಒಳಗಿನ ಕಾರಣ ಗೊತ್ತಿರುವುದಿಲ್ಲ. ಇವೆಂಟ್ ವ್ಯೂವರ್‌ನಲ್ಲೇ ಅಪ್ಲಿಕೇಶನ್ ಎಂಬ ಇನ್ನೊಂದು ಲಾಗ್ ಇದೆ, ಅದೇ ಹೊತ್ತಿನ ಸಾಲು ನೋಡಿ. ಡೇಟಾಬೇಸ್ ಕೂಡ ತನ್ನದೇ ಲಾಗ್ ಬರೆದಿಡುತ್ತದೆ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಮುಂದೆ ಹೇಳುವ 10048, 10049 ಎಂಬ ನಂಬರ್‌ಗಳು ಇಂಥ ಲಾಗ್‌ಗಳಲ್ಲೇ ಸಿಗುತ್ತವೆ.

## ಹಂತ 5: ನಂಬರ್ ಹೇಳಿದ ಕಡೆ ಕೈ ಹಾಕಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲು ಏನಿತ್ತು ಎನ್ನುವುದನ್ನೂ ಬರೆಯಿರಿ.

### 7009 ಅಥವಾ 1053: ಸಮಯ ಸಾಲಲಿಲ್ಲ

ಒಂದು ಸರ್ವಿಸ್ ಎದ್ದು "ಬಂದೆ" ಎನ್ನಲು ವಿಂಡೋಸ್ ಸಾಮಾನ್ಯವಾಗಿ 30 ಸೆಕೆಂಡ್ ಕೊಡುತ್ತದೆ. ಲಾಗ್‌ನಲ್ಲಿ 30000 ಎಂದು ಕಾಣುವುದು ಇದೇ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಬೂಟ್ ಆಗುವಾಗ ಆಂಟಿವೈರಸ್, ಅಪ್‌ಡೇಟ್ ಎಲ್ಲವೂ ಡಿಸ್ಕ್‌ಗೆ ಮುಗಿಬೀಳುತ್ತವೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ 30 ಸೆಕೆಂಡ್ ಕಳೆದೇ ಹೋಗುತ್ತದೆ.

ಸರ್ವಿಸ್ ಮೇಲೆ ಡಬಲ್ ಕ್ಲಿಕ್ ಮಾಡಿ ಸ್ಟಾರ್ಟಪ್ ಟೈಪ್‌ನಲ್ಲಿ ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್ ಆರಿಸಿ. ಉಳಿದ ಆಟೋಮ್ಯಾಟಿಕ್ ಸರ್ವಿಸ್‌ಗಳು ಎದ್ದು ಸುಮಾರು 2 ನಿಮಿಷ ಆದ ಮೇಲೆ ಇದು ಏಳುತ್ತದೆ. ಅಷ್ಟರಲ್ಲಿ ಡಿಸ್ಕ್ ಹಗುರವಾಗಿರುತ್ತದೆ, ನೆಟ್‌ವರ್ಕ್ ಬಂದಿರುತ್ತದೆ. ಹೆಚ್ಚಿನ ಅಂಗಡಿಗಳಲ್ಲಿ ಇದೊಂದರಿಂದಲೇ ಕೆಲಸ ಮುಗಿದಿದೆ. ಆದರೆ ಅಂಗಡಿಯವರಿಗೆ ಹೇಳಿ: ಆನ್ ಮಾಡಿದ ಮೇಲೆ ಮೂರ್ನಾಲ್ಕು ನಿಮಿಷ ಬಿಲ್ ಬರುವುದಿಲ್ಲ, ಕಾಯಬೇಕು. ಹೇಳದಿದ್ದರೆ ಅವರು ಎರಡನೇ ನಿಮಿಷಕ್ಕೆ ರೀಸ್ಟಾರ್ಟ್ ಒತ್ತುತ್ತಾರೆ.

30 ಸೆಕೆಂಡ್‌ನ ಮಿತಿಯನ್ನೇ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಹೆಚ್ಚಿಸುವ ದಾರಿಯೂ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಎಲ್ಲ ಸರ್ವಿಸ್‌ಗಳಿಗೂ ಅನ್ವಯಿಸುತ್ತದೆ. ರಿಜಿಸ್ಟ್ರಿಯಲ್ಲಿ ಒಂದು ತಪ್ಪಾದರೆ ವಿಂಡೋಸ್ಸೇ ಏಳದಿರಬಹುದು. ಡಿಲೇಡ್ ಸ್ಟಾರ್ಟ್‌ನಿಂದಲೂ ಆಗದಿದ್ದರೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿಸಿ ಎನ್ನುತ್ತೇನೆ.

### 7001 ಅಥವಾ 1068: ನಂಬಿದ್ದು ಏಳಲಿಲ್ಲ

ಸರ್ವಿಸ್‌ನ ಡಿಪೆಂಡೆನ್ಸೀಸ್ ಎಂಬ ಟ್ಯಾಬ್ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ಇರುವುದೆಲ್ಲ ಇದಕ್ಕಿಂತ ಮೊದಲು ಏಳಬೇಕಾದವು. ಒಂದೊಂದನ್ನೂ ಸರ್ವಿಸಸ್ ಪಟ್ಟಿಯಲ್ಲಿ ಹುಡುಕಿ, ಯಾವುದು ನಿಂತಿದೆ ನೋಡಿ. ನಿಂತದ್ದರ ಡಿಪೆಂಡೆನ್ಸೀಸ್ ಕೂಡ ತೆರೆಯಿರಿ. ಹೀಗೆ ಬುಡದವರೆಗೆ ಹೋಗಿ. ಬುಡದಲ್ಲಿ ಡಿಸೇಬಲ್ಡ್ ಆದ ಒಂದು ಸರ್ವಿಸ್ ಸಿಗುವುದೇ ಜಾಸ್ತಿ.

ಕಮಾಂಡ್ ಬರೆದು ಹೊಸ ಡಿಪೆಂಡೆನ್ಸಿ ಸೇರಿಸುವವರಿಗೆ ಒಂದು ಎಚ್ಚರಿಕೆ. ಎಸ್‌ಸಿ ಕಾನ್ಫಿಗ್ ಕಮಾಂಡ್ ಹಳೆಯ ಪಟ್ಟಿಗೆ ಸೇರಿಸುವುದಿಲ್ಲ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಇದ್ದದ್ದೂ ಬೇಕು ಎಂದಾದರೆ ಎಲ್ಲವನ್ನೂ ಮತ್ತೆ ಬರೆಯಬೇಕು.

### 1069 ಅಥವಾ 7038: ಪಾಸ್‌ವರ್ಡ್ ಬದಲಾಗಿದೆ

ಮಾಲೀಕರ ಯೂಸರ್ ಹೆಸರಿನಲ್ಲೇ ಸರ್ವಿಸ್ ಓಡುವಂತೆ ಯಾರೋ ಇಟ್ಟಿರುತ್ತಾರೆ. ಮಾಲೀಕರು ಲಾಗಿನ್ ಪಾಸ್‌ವರ್ಡ್ ಬದಲಿಸುತ್ತಾರೆ. ಸರ್ವಿಸ್ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡೇ ಇರುತ್ತದೆ. ಓಡುತ್ತಿರುವ ತನಕ ಏನೂ ತಿಳಿಯುವುದಿಲ್ಲ, ಮುಂದಿನ ಪೂರ್ತಿ ಬೂಟ್‌ನಲ್ಲಿ ಬೀಳುತ್ತದೆ. ಲಾಗ್ ಆನ್ ಟ್ಯಾಬ್‌ನಲ್ಲಿ ಹೊಸ ಪಾಸ್‌ವರ್ಡ್ ಕೊಡಿ. ಮನುಷ್ಯರು ಬಳಸದ ಬೇರೆ ಒಂದು ಯೂಸರ್ ಮಾಡಿ ಸರ್ವಿಸ್‌ಗೆ ಕೊಟ್ಟರೆ ಇನ್ನೂ ಒಳ್ಳೆಯದು.

### 10049: ಕೇಳಿದ ವಿಳಾಸ ಇನ್ನೂ ಬಂದಿಲ್ಲ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮೂರಲ್ಲಿ ಕರೆಂಟ್ ಹೋಗಿ ಬಂದಾಗಿನ ಅಸಲಿ ರೋಗ ಇದೇ.

ಕೆಲವು ಸರ್ವಿಸ್‌ಗಳಿಗೆ "192.168.1.10 ಎಂಬ ವಿಳಾಸದಲ್ಲಿ ಕೂತು ಕೇಳಿಸಿಕೋ" ಎಂದು ಸೆಟ್ಟಿಂಗ್‌ನಲ್ಲಿ ಬರೆದಿರುತ್ತಾರೆ. ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಈ ವಿಳಾಸ ಕೊಡುವುದು ರೌಟರ್. ಕರೆಂಟ್ ಬಂದಾಗ ಎಸ್‌ಎಸ್‌ಡಿ ಇರುವ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ರೌಟರ್ ಏಳಲು ಒಂದೆರಡು ನಿಮಿಷ ಬೇಕು. ಆ ನಡುವೆ ಕಂಪ್ಯೂಟರ್‌ಗೆ ವಿಳಾಸ ಇರುವುದಿಲ್ಲ. ಸರ್ವಿಸ್ 192.168.1.10 ಎಲ್ಲಿ ಎಂದು ಕೇಳುತ್ತದೆ, ಇಲ್ಲ ಎನ್ನುತ್ತದೆ ವಿಂಡೋಸ್. ಸರ್ವಿಸ್ ಬಿದ್ದುಹೋಗುತ್ತದೆ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು ಎಂದು ಕೆಲವರು ಹೇಳುವುದು ಇದಕ್ಕೇ.

ಗುರುತಿಸುವುದು ಸುಲಭ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿ ಕಾನ್ಫಿಗ್ (ipconfig) ಕಮಾಂಡ್ ಓಡಿಸಿ. ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರ್‌ನಿಂದ ವಿಳಾಸ ಸಿಕ್ಕಿಲ್ಲ, ವಿಂಡೋಸ್ ತಾನೇ ಒಂದು ತಾತ್ಕಾಲಿಕ ವಿಳಾಸ ಹಾಕಿಕೊಂಡಿದೆ ಎಂದು ಅರ್ಥ. ಎರಡು ಕಂಪ್ಯೂಟರ್‌ಗೆ ಒಂದೇ ವಿಳಾಸ ಕೊಟ್ಟಾಗಲೂ ಇದೇ ಕಾಣಬಹುದು.

ಮೊದಲ ಮದ್ದು, ಸರ್ವರ್‌ಗೆ ಕಾಯಂ ವಿಳಾಸ ಕೊಡಿ. ಆ ವಿಳಾಸ ರೌಟರ್ ಹಂಚುವ ಪಟ್ಟಿಯ ಹೊರಗಿರಲಿ. ಪಟ್ಟಿ 100ರಿಂದ 200 ಎಂದಿದ್ದರೆ 10 ಅಥವಾ 20 ಕೊಡಬಹುದು. ಪಟ್ಟಿಯೊಳಗಿನ ನಂಬರ್ ಕೊಟ್ಟರೆ ಒಂದು ದಿನ ರೌಟರ್ ಅದನ್ನೇ ಯಾರದೋ ಮೊಬೈಲ್‌ಗೆ ಕೊಡುತ್ತದೆ.

ಎರಡನೆಯದು, ಸರ್ವಿಸ್‌ನ ಸೆಟ್ಟಿಂಗ್‌ನಲ್ಲಿ ಸಾಧ್ಯವಿದ್ದರೆ ಒಂದು ವಿಳಾಸದ ಬದಲು 0.0.0.0 ಕೊಡಿ. ಯಾವ ವಿಳಾಸ ಇದ್ದರೂ, ಯಾವಾಗ ಬಂದರೂ ಕೇಳಿಸಿಕೋ ಎಂದು ಅದರ ಅರ್ಥ. ಹೀಗೆ ಮಾಡಿದರೆ ಹೊರಗಿನಿಂದ ಬರುವ ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಚಾಲೂ ಇರಲೇಬೇಕು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕಾಯಂ ವಿಳಾಸ ಕೊಟ್ಟರೂ ಕೇಬಲ್‌ನ ಆ ತುದಿಯಲ್ಲಿರುವ ಸ್ವಿಚ್‌ಗೆ ಕರೆಂಟ್ ಇಲ್ಲದಿದ್ದರೆ ವಿಂಡೋಸ್ ಆ ವಿಳಾಸವನ್ನು ಚಾಲ್ತಿಗೆ ತರುವುದಿಲ್ಲ. ಕೇಬಲ್ ಕಿತ್ತಂತೆಯೇ ಲೆಕ್ಕ. ಆದ್ದರಿಂದ ಸ್ವಿಚ್ ಮತ್ತು ರೌಟರ್ ಕೂಡ ಯುಪಿಎಸ್ ಮೇಲೆ ಇರಬೇಕು. ಎಷ್ಟೋ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಯ ಯುಪಿಎಸ್ ಸರ್ವರ್‌ಗೆ ಇರುತ್ತದೆ, ಸ್ವಿಚ್ ಮಾತ್ರ ಗೋಡೆಯ ಪ್ಲಗ್‌ನಲ್ಲಿ ನೇತಾಡುತ್ತಿರುತ್ತದೆ. ಈ ಎರಡು ಪೆಟ್ಟಿಗೆ ತಿನ್ನುವ ಕರೆಂಟ್ ತೀರಾ ಕಡಿಮೆ, ಯುಪಿಎಸ್‌ಗೆ ಭಾರವೇ ಆಗುವುದಿಲ್ಲ.

### 10048: ಜಾಗ ಬೇರೆಯವರು ಹಿಡಿದಿದ್ದಾರೆ

ಪ್ರತಿ ಡೇಟಾಬೇಸ್‌ಗೂ ಒಂದು ಪೋರ್ಟ್ ನಂಬರ್ ಇರುತ್ತದೆ, ಬೇರೆ ಕಂಪ್ಯೂಟರ್‌ಗಳು ಅದನ್ನು ತಲುಪುವ ಬಾಗಿಲಿನ ನಂಬರ್ ಇದ್ದಂತೆ. ಎಸ್‌ಕ್ಯೂಎಲ್ ಸರ್ವರ್‌ಗೆ ಸಾಮಾನ್ಯವಾಗಿ 1433, ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ಅದೇ ನಂಬರನ್ನು ಇನ್ನೊಂದು ಪ್ರೋಗ್ರಾಂ ಮೊದಲೇ ಹಿಡಿದರೆ ನಿಮ್ಮದಕ್ಕೆ ಜಾಗ ಇಲ್ಲ. ತೂಕದ ಸಾಫ್ಟ್‌ವೇರ್ ಹೊಸದಾಗಿ ಹಾಕಿಸಿದಾಗ ಅದರ ಜೊತೆ ಇನ್ನೊಂದು ಮೈಎಸ್‌ಕ್ಯೂಎಲ್ ಬಂದು ಕೂತದ್ದನ್ನು ನೋಡಿದ್ದೇನೆ. ಒಂದು ದಿನ ಇದು ಮೊದಲು, ಒಂದು ದಿನ ಅದು ಮೊದಲು. ಹಾಗಾಗಿ ತೊಂದರೆ ಬಂದು ಹೋಗಿ ಮಾಡುತ್ತಿತ್ತು. ನೆಟ್‌ಸ್ಟ್ಯಾಟ್ ಕಮಾಂಡನ್ನು ಎ, ಎನ್, ಒ ಎಂಬ ಮೂರು ಅಕ್ಷರಗಳ ಜೊತೆ (netstat -ano) ಓಡಿಸಿದರೆ ಯಾವ ಪೋರ್ಟನ್ನು ಯಾವ ನಂಬರಿನ ಪ್ರೋಗ್ರಾಂ ಹಿಡಿದಿದೆ ಎಂದು ಕಾಣುತ್ತದೆ. ಆ ನಂಬರನ್ನು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಹುಡುಕಿ. ಎರಡರಲ್ಲಿ ಒಂದಕ್ಕೆ ಬೇರೆ ಪೋರ್ಟ್ ಕೊಡಿ.

### ನಂಬರ್ ಹೇಳದ ಎರಡು ಕಾರಣಗಳು

ತಾರೀಖು ನೋಡಿ. ಮದರ್‌ಬೋರ್ಡ್ ಮೇಲಿನ 3 ವೋಲ್ಟ್ ಬಟನ್ ಸೆಲ್ ಮುಗಿದಿದ್ದರೆ ಕರೆಂಟ್ ಹೋದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಲೈಸೆನ್ಸ್ ನೋಡುವ ಸರ್ವಿಸ್ ಆ ತಾರೀಖು ಕಂಡು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಇಂಟರ್ನೆಟ್ ಬಂದು ತಾರೀಖು ಸರಿಯಾಗುತ್ತದೆ. ನೀವು ಬಂದು ನೋಡುವಾಗ ಎಲ್ಲ ಸರಿ. ಇವೆಂಟ್ ವ್ಯೂವರ್‌ನಲ್ಲಿ ಸಾಲುಗಳ ತಾರೀಖು ಹಿಂದಕ್ಕೆ ಹಾರಿದ್ದರೆ ಇದೇ ಕಾರಣ. ಪ್ಲಗ್ ಕಿತ್ತು ಸೆಲ್ ಬದಲಿಸಿ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ತಾರೀಖು ಸರಿಪಡಿಸಿ.

ಡೇಟಾ ಫೋಲ್ಡರ್ ಎಲ್ಲಿದೆ ನೋಡಿ. ಮೈ ಕಂಪ್ಯೂಟರ್‌ನಲ್ಲಿ ಝಡ್ ಡ್ರೈವ್ ಎಂದು ಕಾಣುವ ನೆಟ್‌ವರ್ಕ್ ಫೋಲ್ಡರ್ ನೀವು ಲಾಗಿನ್ ಆದ ಮೇಲೆ ನಿಮಗಾಗಿ ಬರುವಂಥದ್ದು. ಸರ್ವಿಸ್‌ಗೆ ಅದು ಕಾಣುವುದೇ ಇಲ್ಲ. ಡೇಟಾ ಸರ್ವರ್‌ನ ಒಳಗಿನ ಡಿಸ್ಕ್‌ನಲ್ಲೇ ಇರಲಿ. ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಿ ಬೇಡ.

## ಹಂತ 6: ಎದ್ದಿದೆ, ಆದರೆ ಬೇರೆಯವರಿಗೆ ಸಿಗುತ್ತಿಲ್ಲ

ಹೆಚ್ಚಿನ ಸಲ ಇದು ಫೈರ್‌ವಾಲ್. ರೌಟರ್ ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್ ಎಂದು ಗುರುತು ಹಾಕುತ್ತದೆ. ನಿಮ್ಮ ನಿಯಮ ಪ್ರೈವೇಟ್‌ಗೆ ಮಾತ್ರ ಇದ್ದರೆ ಬಾಗಿಲು ಮುಚ್ಚಿತು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಪ್ರೈವೇಟ್ ಆರಿಸಿ. ನಿಮ್ಮ ಪೋರ್ಟ್‌ಗೆ ಒಳಬರುವ ನಿಯಮ ಇದೆಯೇ ನೋಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಕಂಪ್ಯೂಟರ್‌ನಲ್ಲಿ ಎಷ್ಟೋ ರೈತರ ಲೆಕ್ಕ ಇರುತ್ತದೆ.

ಪಿಂಗ್ (ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದೆಯೇ ಎಂದು ನೋಡುವ ಕಮಾಂಡ್) ನಂಬಿ ಕೂರಬೇಡಿ. ಪಿಂಗ್ ಬಂದರೆ ಕಂಪ್ಯೂಟರ್ ಇದೆ ಎಂದು ಮಾತ್ರ ತಿಳಿಯುತ್ತದೆ, ಪೋರ್ಟ್ ತೆರೆದಿದೆ ಎಂದಲ್ಲ. ಪಿಂಗ್ ಬರದಿದ್ದರೂ ಪೋರ್ಟ್ ತೆರೆದಿರಬಹುದು. ಇನ್ನೊಂದು ಕಂಪ್ಯೂಟರ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್ ನೆಟ್‌ಕನೆಕ್ಷನ್ (Test-NetConnection) ಕಮಾಂಡಿಗೆ ಸರ್ವರ್‌ನ ವಿಳಾಸ, ಪೋರ್ಟ್ ಎರಡೂ ಕೊಟ್ಟು ನೋಡಿ.

## ಹಂತ 7: ಬಿದ್ದರೆ ತಾನೇ ಏಳುವಂತೆ ಮಾಡಿ

ಸರ್ವಿಸ್‌ನ ರಿಕವರಿ ಟ್ಯಾಬ್‌ನಲ್ಲಿ ಮೊದಲ ಸಲ, ಎರಡನೇ ಸಲ, ಆಮೇಲಿನ ಸಲ ಬಿದ್ದರೆ ಏನು ಮಾಡಬೇಕು ಎಂದು ಮೂರು ಆಯ್ಕೆ ಇವೆ. ಮೊದಲ ಎರಡಕ್ಕೆ ರೀಸ್ಟಾರ್ಟ್ ಸರ್ವಿಸ್ ಆರಿಸಿ, 2 ನಿಮಿಷದ ಅಂತರ ಕೊಡಿ. ಮೂರನೆಯದಕ್ಕೆ ಏನೂ ಮಾಡಬೇಡ ಎಂದಿಡಿ. ಎರರ್ ಹೇಳಿ ನಿಂತಾಗಲೂ ಇದು ನಡೆಯಬೇಕು ಎಂಬ ಟಿಕ್ ಅಲ್ಲೇ ಕೆಳಗಿದೆ, ಅದನ್ನೂ ಹಾಕಿ. ಇಲ್ಲದಿದ್ದರೆ ಹಠಾತ್ತಾಗಿ ಬಿದ್ದಾಗ ಮಾತ್ರ ನಡೆಯುತ್ತದೆ.

ಮೂರನೆಯದನ್ನು ಖಾಲಿ ಬಿಡಲು ಕಾರಣ ಇದೆ. ಎರಡು ಸಲ ಎಬ್ಬಿಸಿದರೂ ಬಿದ್ದದ್ದು ಡಿಸ್ಕ್ ಕೆಟ್ಟು ಬೀಳುತ್ತಿರಬಹುದು. ಅದನ್ನು ರಾತ್ರಿಯಿಡೀ ಎಬ್ಬಿಸುತ್ತಾ ಇದ್ದರೆ ಡೇಟಾಕ್ಕೆ ಕೇಡು.

## ಇಲ್ಲಿ ಕೈ ತೆಗೆಯಿರಿ

ಸಿಸ್ಟಂ ಲಾಗ್‌ನಲ್ಲಿ ಡಿಸ್ಕ್ ಹೆಸರಿನಲ್ಲಿ 7 ಅಥವಾ 153, ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಎಂಬ ನಂಬರ್ ಮತ್ತೆ ಮತ್ತೆ ಬಂದಿದ್ದರೆ ಇದು ಸರ್ವಿಸ್‌ನ ತೊಂದರೆ ಅಲ್ಲ. ಡಿಸ್ಕ್ ಸಾಯುತ್ತಿದೆ ಅಥವಾ ಫೈಲ್ ವ್ಯವಸ್ಥೆ ಹಾಳಾಗಿದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೂ ಅಷ್ಟೇ. ಇನ್ನೊಂದು ಸಲ ರೀಸ್ಟಾರ್ಟ್ ಕೂಡ ಮಾಡಬೇಡಿ. ಮೊದಲು ಡೇಟಾ ಹೊರಗೆ ತೆಗೆಯಿರಿ.

ಡೇಟಾಬೇಸ್ ಫೋಲ್ಡರ್‌ನಲ್ಲಿ ಲಾಗ್ ಎಂದು ಹೆಸರಿರುವ ದೊಡ್ಡ ಫೈಲ್‌ಗಳಿರುತ್ತವೆ. ಅದನ್ನು ಡಿಲೀಟ್ ಮಾಡಿದರೆ ಸರ್ವಿಸ್ ಏಳುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ನಾವು ಓದುವ ಲಾಗ್ ಅಲ್ಲ. ಕರೆಂಟ್ ಹೋದ ಕ್ಷಣದಲ್ಲಿ ಅರ್ಧಕ್ಕೆ ನಿಂತ ಬಿಲ್‌ಗಳ ಲೆಕ್ಕ ಅದರಲ್ಲೇ ಇರುತ್ತದೆ. ಅಳಿಸಿದರೆ ಆ ದಿನದ ವ್ಯಾಪಾರ ಹೋಯಿತು. ಇಡೀ ಡೇಟಾಬೇಸ್ ತೆರೆಯದೇ ಹೋಗಬಹುದು.

## ಹಂತ 8: ಕರೆಂಟ್ ತೆಗೆದು ಪರೀಕ್ಷಿಸಿ

ಅಂಗಡಿ ಮುಚ್ಚುವ ಹೊತ್ತಿಗೆ ಇದನ್ನು ಮಾಡಿ, ಬ್ಯಾಕಪ್ ತೆಗೆದ ಮೇಲೆ. ಎಲ್ಲರೂ ಸಾಫ್ಟ್‌ವೇರ್ ಮುಚ್ಚಲಿ. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಚಾಲೂ ಇರುವಾಗ ಪ್ಲಗ್ ಕೀಳುವುದು ಪರೀಕ್ಷೆ ಅಲ್ಲ, ಅಪಾಯ. ಆಮೇಲೆ ಯುಪಿಎಸ್, ರೌಟರ್, ಸ್ವಿಚ್ ಎಲ್ಲ ಆಫ್ ಮಾಡಿ 5 ನಿಮಿಷ ಬಿಡಿ. ಈಗ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ. ಯಾರೂ ಲಾಗಿನ್ ಆಗಬೇಡಿ. 5 ನಿಮಿಷ ಬಿಟ್ಟು ಬೇರೆ ಕಂಪ್ಯೂಟರ್‌ನಿಂದ ಒಂದು ಬಿಲ್ ತೆರೆದು ನೋಡಿ. ಲಾಗಿನ್ ಆದ ಮೇಲೆ ಮಾತ್ರ ಓಡಿದರೆ ಅದು ಇನ್ನೂ ಸರಿಯಾಗಿಲ್ಲ.

ಹೀಗೆ ಮೂರು ಸಲ ಮಾಡಿ. ಸಮಯದ ದೋಷ ಒಂದು ಸಲ ತಪ್ಪಿಸಿಕೊಳ್ಳುತ್ತದೆ, ಮೂರು ಸಲ ತಪ್ಪಿಸಿಕೊಳ್ಳುವುದು ಕಷ್ಟ.

ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ. ನಾನು ಅದನ್ನು ಆಫ್ ಇಡುತ್ತೇನೆ. ಕರೆಂಟ್ ಬಂದು ಎರಡೇ ನಿಮಿಷಕ್ಕೆ ಮತ್ತೆ ಹೋಗುವುದು ಬೇಸಿಗೆಯಲ್ಲಿ ಸಾಮಾನ್ಯ ಅಲ್ವಾ? ಅರ್ಧ ಎದ್ದ ಸರ್ವರ್ ಮತ್ತೆ ಬೀಳುವುದಕ್ಕಿಂತ ಬೆಳಿಗ್ಗೆ ಒಬ್ಬರು ಬಂದು ಬಟನ್ ಒತ್ತುವುದು ಮೇಲು. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಯುಪಿಎಸ್ ಬ್ಯಾಟರಿ ಬೇಗ ಸೋಲುತ್ತದೆ. ಮಾರ್ಚ್ ತಿಂಗಳಲ್ಲಿ ಒಂದು ಸಲ ಅದು ಎಷ್ಟು ನಿಮಿಷ ತಡೆಯುತ್ತದೆ ನೋಡಿಕೊಳ್ಳಿ. ಮಿಲ್ ಇದ್ದರೆ ಸರ್ವರ್‌ನ ಫ್ಯಾನ್‌ಗೆ ಮೆತ್ತಿದ ಬೇಳೆ ಹೊಟ್ಟಿನ ಧೂಳನ್ನೂ ಆಗಲೇ ತೆಗೆಯಿರಿ.

ಕೊನೆಗೆ ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸರ್ವರ್ ಮೇಲೆ ಅಂಟಿಸಿ: ಮೊದಲು ಯುಪಿಎಸ್, ಆಮೇಲೆ ರೌಟರ್ ಮತ್ತು ಸ್ವಿಚ್, 3 ನಿಮಿಷ ಬಿಟ್ಟು ಸರ್ವರ್, 5 ನಿಮಿಷ ಬಿಟ್ಟು ಉಳಿದ ಕಂಪ್ಯೂಟರ್‌ಗಳು. ಬಿಲ್ ಬರದಿದ್ದರೆ ರೀಸ್ಟಾರ್ಟ್ ಬೇಡ, ಪರದೆಯ ಫೋಟೋ ತೆಗೆದು ಕಳಿಸಿ. ಕೆಳಗೆ ಸರ್ವಿಸ್‌ನ ಹೆಸರು, ಸರ್ವರ್‌ನ ವಿಳಾಸ, ಪೋರ್ಟ್ ನಂಬರ್ ಮತ್ತು ನೀವು ಬದಲಿಸಿದ ಸೆಟ್ಟಿಂಗ್ ಬರೆಯಿರಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ.